ಬಾಯಿ ಮೂಸುವ ಕಾಟಮ್ಮ

ಬಾಗೂರಿನ ಸುತ್ತಲಿನ ಹಟ್ಟಿಗಳಲ್ಲಿ ಕುರಿಯೊಂದು ಮೇವು ಬಿಟ್ಟು ಮೂಲೆ ಸೇರಿತೆಂದರೆ ಜನ ಮೊದಲು ಫೋನ್ ಮಾಡುತ್ತಿದ್ದುದು ಪಶು ಆಸ್ಪತ್ರೆಗಲ್ಲ, ಕಾಟಮ್ಮನಿಗೆ. ಬಂದವಳು ಕುರಿಯ ಕಣ್ಣು ನೋಡುತ್ತಿರಲಿಲ್ಲ, ಹೊಟ್ಟೆ ಮುಟ್ಟುತ್ತಿರಲಿಲ್ಲ. ನೇರವಾಗಿ ದವಡೆ ಹಿಡಿದು ಬಾಯಿ ತೆರೆಸಿ, ತನ್ನ ಮೂಗನ್ನು ಅದರ ಹಲ್ಲಿನ ಹತ್ತಿರಕ್ಕೆ ಒಯ್ದು ಒಂದು ಸಲ ಉಸಿರೆಳೆಯುತ್ತಿದ್ದಳು. ಹುಳಿ ವಾಸನೆ ಬಂದರೆ ಯಾರದೋ ಕಣಕ್ಕೆ ನುಗ್ಗಿ ಜೋಳ ಮುಕ್ಕಿದೆ ಎಂದರ್ಥ. ಕೊಳೆತ ವಾಸನೆ ಬಂದರೆ ಎದೆಯೊಳಗೆ ಕೀವಾಗಿದೆ. ತುಂಬು ಗಬ್ಬದ ಕುರಿಯ ಬಾಯಿಂದ ಮಾಗಿ ಒಡೆದ ಸೀತಾಫಲದ ವಾಸನೆ ಬಂದರೆ ಮಾತ್ರ ಅವಳು ವಿವರಿಸಲು ನಿಲ್ಲುತ್ತಿರಲಿಲ್ಲ. "ಬೆಲ್ಲ ತರ್ರಿ, ಬೇಗ" ಎನ್ನುತ್ತಿದ್ದಳು.

ಈ ವಿದ್ಯೆ ಬಂದದ್ದು ತವರಿನಿಂದ. ಹಿರಿಯೂರು ಕಡೆಯ ಹಟ್ಟಿಯೊಂದರಲ್ಲಿ ನಾಲ್ಕು ಗಂಡುಮಕ್ಕಳ ಬೆನ್ನಿಗೆ ಹುಟ್ಟಿದವಳು ಅವಳು. ಅಣ್ಣಂದಿರು ಶಾಲೆಗೆ ಹೋದರು, ಇವಳು ಅಪ್ಪನ ಹಿಂದೆ ಕುರಿಗೆ ಹೋದಳು. ಅಪ್ಪನ ಕಣ್ಣು ಮಂಜಾದ ಮೇಲೆ ಅವನು ಮೂಗಿನಿಂದಲೇ ಮಂದೆ ಸಾಕಿದ, ಮಗಳಿಗೂ ಅದನ್ನೇ ಕಲಿಸಿದ. ಹದಿನಾರಕ್ಕೆ ಗೊಲ್ಲಪ್ಪನನ್ನು ಕಟ್ಟಿಕೊಂಡು ಬಾಗೂರಿನ ಪಕ್ಕದ ಹಟ್ಟಿಗೆ ಬಂದಳು. ಆ ಮೂಗಿನ ಮೊದಲ ಪೆಟ್ಟು ತಿಂದವನು ಪಾಪ ಗೊಲ್ಲಪ್ಪನೇ. ಹೊಸದುರ್ಗದ ಸಂತೆಯಿಂದ ಎಷ್ಟೇ ಏಲಕ್ಕಿ ಅಗಿದುಕೊಂಡು ಬಂದರೂ ಹೆಂಡತಿ ಬಾಗಿಲಲ್ಲೇ ದವಡೆ ಹಿಡಿದು, ಎಷ್ಟು ಕುಡಿದಿದ್ದಾನೆ, ಯಾರ ಜೊತೆ ಕುಡಿದಿದ್ದಾನೆ ಎರಡನ್ನೂ ಹೇಳಿಬಿಡುತ್ತಿದ್ದಳು. ಎರಡನೆಯದು ಬರೀ ಊಹೆ, ಆದರೆ ಅದೂ ತಪ್ಪುತ್ತಿರಲಿಲ್ಲ. ಅವನು ಸತ್ತು ಒಂಬತ್ತು ವರ್ಷವಾಯಿತು. ಈಗ ಮನೆಯಲ್ಲಿ ಮಗ ದಯಾನಂದ, ಸೊಸೆ ನೇತ್ರಾವತಿ, ಏಳನೇ ತರಗತಿಯ ಮೊಮ್ಮಗಳು ಯಶೋದಾ, ಮಂದೆ ಕೂಡುವ ರೊಪ್ಪದಲ್ಲಿ ಎಂಬತ್ತು ಚಿಲ್ಲರೆ ಕುರಿ.

ಇತ್ತೀಚೆಗೆ ಹಟ್ಟಿಯವರು ಅವಳಿ ಮರಿ ಹಾಕುವ ಹೊಸ ತಳಿಯ ಟಗರು ತಂದಿದ್ದರು. ಒಂದು ಹಾಕುತ್ತಿದ್ದ ಕುರಿ ಎರಡು ಹಾಕಿದರೆ ಯಾರಿಗೆ ಬೇಡ? ಆದರೆ ಎರಡು ಮರಿ ಹೊತ್ತ ಕುರಿಗಳು ಕೊನೆಯ ತಿಂಗಳಲ್ಲಿ ಇದ್ದಕ್ಕಿದ್ದಂತೆ ಮೇವು ಬಿಟ್ಟು, ಕಣ್ಣಿದ್ದೂ ಕುರುಡಾದಂತೆ ಗೋಡೆಗೆ ಹಣೆ ಒತ್ತಿ ನಿಂತು, ಹಲ್ಲು ಕಡಿಯುತ್ತ ಬಿದ್ದು ಸಾಯತೊಡಗಿದವು. ಒಂದೊಂದರ ಬಾಯಲ್ಲೂ ಅದೇ ಸೀತಾಫಲ. ಕಾಟಮ್ಮ ಬೆಲ್ಲದ ನೀರು ಕುಡಿಸಿ ಹತ್ತರಲ್ಲಿ ಏಳನ್ನು ಎಬ್ಬಿಸಿದಳು. ಬೆಲ್ಲವೇ ಏಕೆ ಎಂದು ಕೇಳಿದರೆ, ಅಪ್ಪ ಕೊಡುತ್ತಿದ್ದ ಎನ್ನುವುದಷ್ಟೇ ಅವಳ ಉತ್ತರವಾಗಿತ್ತು.

ಕಾರಣ ಹೇಳಿಕೊಟ್ಟವನು ಬಾಗೂರಿನ ಪಶುವೈದ್ಯ ಗಿರೀಶ್. ತನಗಿಂತ ಮೊದಲು ಕಾಟಮ್ಮನಿಗೆ ಕರೆ ಹೋಗುತ್ತದೆಂದು ಅವನಿಗೆ ಮೊದಮೊದಲು ಸಿಟ್ಟಿತ್ತು. ಒಂದು ದಿನ ಅವಳು ಮೂಸಿ ಹೇಳಿದ ಕುರಿಯ ಉಚ್ಚೆಗೆ ತನ್ನ ಪರೀಕ್ಷೆಯ ಪಟ್ಟಿ ಅದ್ದಿ ನೋಡಿದ. ಪಟ್ಟಿ ಕಡುನೇರಳೆಯಾಯಿತು, ಅವಳು ಹೇಳಿದ್ದೇ ಸರಿಯಾಗಿತ್ತು. ಅವತ್ತೇ ಸೋತು, ರೊಪ್ಪದ ಕಲ್ಲಿನ ಮೇಲೆ ಕೂತು ಅವಳಿಗೆ ಪಾಠ ಮಾಡಿದ.

"ಕುರಿ ಮೈಯಾಗಿರೋ ಒಂದೊಂದು ಕಣದಾಗೂ ಒಂದೊಂದು ಸಣ್ಣ ಒಲೆ ಐತೆ ಅಂತ ತಿಳ್ಕೊ ಕಾಟಮ್ಮ. ಮೇದಿದ್ದು ಹೊಟ್ಟೇಲಿ ಕರಗಿ ರಕ್ತಕ್ಕೆ ಸೇರ್ತೈತೆ, ರಕ್ತ ಅದನ್ನ ಒಲೆ ಒಲೆಗೂ ಹೊತ್ಕಂಡು ಹೋಗ್ತೈತೆ. ಎಳ್ಕಳೋ ಗಾಳಿನೂ ಅಲ್ಲಿಗೇ ಹೋಗ್ತೈತೆ. ಎರಡೂ ಸೇರಿ ಉರಿದ್ರೆ ಮೈ ಬಿಸಿ, ಕಾಲಿಗೆ ಕಸುವು, ಹೊಟ್ಟೇಲಿ ಮರಿ ಬೆಳೆಯೋದು ಎಲ್ಲ."

"ಉರಿದ್ರೆ ಬೂದಿ ಎಲ್ಲಿ ಹೋಗ್ತೈತೆ ಸಾರ್?" ಎಂದಳು ಕಾಟಮ್ಮ.

ಗಿರೀಶ್‌ಗೆ ಈ ಪ್ರಶ್ನೆಯನ್ನು ಕಾಲೇಜಿನಲ್ಲಿಯೂ ಯಾರೂ ಇಷ್ಟು ಚೆನ್ನಾಗಿ ಕೇಳಿರಲಿಲ್ಲ. "ಬಿಡೋ ಉಸಿರು, ಹೊಯ್ಯೋ ಉಚ್ಚೆ, ಅದೇ ಬೂದಿ. ಈಗ ಕೇಳು. ಎರಡು ಮರಿ ಇದ್ರೆ ತಾಯಿ ರಕ್ತದಾಗಿರೋ ಸಕ್ಕರೆನೆಲ್ಲ ಮರಿಗಳೇ ಎಳ್ಕಂತಾವೆ. ತಾಯಿಗೆ ಏನೂ ಉಳಿಯಲ್ಲ. ಆಗ ಅದು ತನ್ನ ಮೈ ಕೊಬ್ಬನ್ನೇ ಕರಗಿಸಿ ಒಲೆಗೆ ಹಾಕ್ತೈತೆ. ಕೊಬ್ಬು ಪೂರ್ತಿ ಉರಿಬೇಕಂದ್ರೆ ಜೊತೆಗೆ ಒಂದಿಷ್ಟು ಸಕ್ಕರೆ ಇರಬೇಕು. ಇಲ್ದಿದ್ರೆ ಅರ್ಧಂಬರ್ಧ ಉರಿದು ಹೊಗೆ ಕಾರ್ತೈತೆ. ನಿನ್ ಮೂಗಿಗೆ ಬರೋದು ಆ ಹೊಗೆ. ನೀನು ಬೆಲ್ಲ ಕೊಟ್ರೆ ಒಲೆ ಸರಿಯಾಗಿ ಹೊತ್ಕಂತೈತೆ, ಕುರಿ ಏಳ್ತೈತೆ."

ಅವನು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಕುರಿಯ ಮಾತು ಕುರಿಗಷ್ಟೇ, ಮನುಷ್ಯರಿಗಲ್ಲ ಎಂದು ಅವನು ಹೇಳಲಿಲ್ಲ, ಇವಳು ಕೇಳಲಿಲ್ಲ. ಅಲ್ಲಿಂದ ಮುಂದೆ ಕಾಟಮ್ಮನ ನಡಿಗೆಯೇ ಬದಲಾಯಿತು. ಮೊದಲು ಅವಳಿಗೆ ಮೂಗಿತ್ತು, ಈಗ ಕಾರಣವೂ ಸಿಕ್ಕಿತ್ತು. ಮೂವತ್ತು ವರ್ಷ ತಪ್ಪದ ಕೈಗೆ ಓದಿದವನೊಬ್ಬ ಸೈ ಎಂದುಬಿಟ್ಟರೆ ಆ ಕೈಯನ್ನು ಹಿಡಿಯುವವರು ಯಾರು? ಹಟ್ಟಿಯಲ್ಲಿ ಯಾರಾದರೂ ತಲೆಸುತ್ತು ಎಂದರೆ ಸಾಕು, "ಒಲೆ ಆರೈತೆ, ಬೆಲ್ಲ ತಿನ್ನು" ಎನ್ನತೊಡಗಿದಳು. ಮುದ್ದೆ ಬಿಟ್ಟು ಚಹಾದಲ್ಲೇ ದಿನ ಕಳೆಯುವವರಿಗೆ ಬೆಲ್ಲ ತಿಂದು ನಿಜವಾಗಿಯೂ ತಲೆಸುತ್ತು ನಿಲ್ಲುತ್ತಿತ್ತು. ಅದೇ ಕೆಟ್ಟದ್ದಾಯಿತು.

ಈ ವರ್ಷ ಸಂಕ್ರಾಂತಿ ಕಳೆದ ಮೇಲೆ ಯಶೋದಾ ತೆಳ್ಳಗಾದಳು. ಹನ್ನೆರಡರ ಹುಡುಗಿ, ಅಜ್ಜಿಯ ಕಂಬಳಿಯೊಳಗೆ ಮಲಗುವವಳು, ಬೆಳೆಯುವ ವಯಸ್ಸು ಎಂದು ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಊಟ ಕಡಿಮೆಯಾಗಿರಲಿಲ್ಲ, ದುಪ್ಪಟ್ಟಾಗಿತ್ತು. ಎರಡು ಮುದ್ದೆ ನುಂಗಿ ಮೂರನೆಯದಕ್ಕೆ ತಟ್ಟೆ ಚಾಚುತ್ತಿದ್ದಳು. ಕೊಡ ಬಗ್ಗಿಸಿ ನೀರು ಕುಡಿಯುತ್ತಿದ್ದಳು, ಗಳಿಗೆಗೊಮ್ಮೆ ಬಯಲಿಗೆ ಓಡುತ್ತಿದ್ದಳು. ಶಾಲೆಯ ಲಂಗದ ಲಾಡಿಯನ್ನು ಎರಡು ಸಲ ಬಿಗಿ ಮಾಡಿಕೊಡಬೇಕಾಯಿತು. ಇಷ್ಟು ತಿನ್ನುವ ಹುಡುಗಿ ಇಷ್ಟು ಸೊರಗುವುದು ಹೇಗೆ ಎಂದು ಕಾಟಮ್ಮ ಒಂದು ಸಲ ಕೇಳಿಕೊಂಡಿದ್ದರೆ ಸಾಕಿತ್ತು. ಕುರಿಯಾಗಿದ್ದರೆ ಖಂಡಿತ ಕೇಳಿಕೊಳ್ಳುತ್ತಿದ್ದಳು.

ಸೋಮವಾರ ಬೆಳಿಗ್ಗೆ ಮೊಮ್ಮಗಳ ತಲೆ ಬಾಚಲು ಕೂತಾಗ ಯಶೋದಾ ಆಕಳಿಸಿದಳು. ಕಾಟಮ್ಮನ ಕೈ ನಿಂತಿತು. ಹುಡುಗಿಯ ದವಡೆ ಹಿಡಿದು ತಿರುಗಿಸಿ ಬಾಯಿ ತೆರೆಸಿದಳು. ಸಂಶಯವೇ ಇರಲಿಲ್ಲ, ಮಾಗಿ ಒಡೆದ ಸೀತಾಫಲ.

"ಅಜ್ಜಿ, ನಾನೇನು ಕುರಿನಾ?" ಎಂದು ಯಶೋದಾ ನಕ್ಕಳು. ನಗಲು ಕೂಡ ಅವಳಿಗೆ ಆಯಾಸವಾಗುತ್ತಿತ್ತು.

ನೇತ್ರಾವತಿ ಹೆದರಿದಳು. ದಯಾನಂದ ಮಂದೆ ಹೊಡೆದುಕೊಂಡು ಹೊಳಲ್ಕೆರೆ ಕಡೆಯ ಹೊಲಗಳಿಗೆ ಹೋಗಿದ್ದ, ಗೊಬ್ಬರಕ್ಕೆಂದು ಅಲ್ಲಿಯ ರೈತರು ಹೊಲದಲ್ಲಿ ಕುರಿ ನಿಲ್ಲಿಸಿಕೊಳ್ಳುತ್ತಾರೆ. ಮನೆಯಲ್ಲಿ ನಿರ್ಧಾರ ಮಾಡುವವರು ಇವರಿಬ್ಬರೇ.

"ಅತ್ತೆ, ಹೊಸದುರ್ಗಕ್ಕೆ ಕರ್ಕಂಡು ಹೋಗಾಣ. ಇವತ್ತೇ ಹೋಗಾಣ."

"ಅಲ್ಲಿ ಹೋದ್ರೆ ಏನು ಮಾಡ್ತಾರೆ ಹೇಳು? ಗ್ಲೂಕೋಸ್ ಬಾಟ್ಲಿ ಏರಿಸ್ತಾರೆ. ಗ್ಲೂಕೋಸ್ ಅಂದ್ರೆ ಏನು? ಬೆಲ್ಲದ ನೀರೇ ತಾನೆ? ಅದ್ನ ನಾನಿಲ್ಲೇ ಕೊಡ್ತೀನಿ. ಎರಡು ದಿನ ತಡಿ. ಏಳ್ಲಿಲ್ಲ ಅಂದ್ರೆ ನಾನೇ ಹೊತ್ಕಂಡು ಹೋಗ್ತೀನಿ."

ನೇತ್ರಾವತಿ ಒಪ್ಪಿಕೊಂಡಳು. ಈ ಅತ್ತೆ ಎಬ್ಬಿಸಿದ ಕುರಿಗಳನ್ನು ಅವಳು ಕಣ್ಣಾರೆ ಕಂಡವಳು. ಕಾಟಮ್ಮ ಅಚ್ಚು ಬೆಲ್ಲ ಜಜ್ಜಿ, ಬೆಚ್ಚಗಿನ ನೀರಿನಲ್ಲಿ ಕದಡಿ, ಸೋಸಿ ಚೊಂಬಿನ ತುಂಬ ಕೊಟ್ಟಳು. ದಾಹದ ಹುಡುಗಿ ಗಟಗಟ ಕುಡಿದು ಇನ್ನೊಂದು ಕೇಳಿದಳು. ಅವತ್ತು ಆರು ಚೊಂಬು ಹೋಯಿತು. ಸಂಜೆ ಸ್ವಲ್ಪ ಗೆಲುವಾದಂತೆಯೂ ಕಂಡಳು, ಎದ್ದು ಕೂತು ಶಾಲೆಯ ಪುಸ್ತಕ ತೆಗೆದಳು. ಕಾಟಮ್ಮ ಸೊಸೆಯ ಕಡೆ ನೋಡಿದ ನೋಟದಲ್ಲಿ ಗೆದ್ದ ಹೆಮ್ಮೆಯಿತ್ತು. ಆಮೇಲಿನ ದಿನಗಳಲ್ಲಿ ಅವಳಿಗೆ ತನ್ನ ಮೇಲೆ ಹೇಸಿಗೆ ಬಂದದ್ದು ಕೊಟ್ಟ ಬೆಲ್ಲಕ್ಕಿಂತ ಹೆಚ್ಚಾಗಿ ಆ ನೋಟಕ್ಕೆ.

ಮಂಗಳವಾರ ಯಶೋದಾ ಹೊಟ್ಟೆನೋವು ಎಂದಳು. ಕುಡಿದದ್ದನ್ನು ಕಕ್ಕಿದಳು. ಕಕ್ಕಿದಷ್ಟನ್ನೂ ಕಾಟಮ್ಮ ಮತ್ತೆ ತುಂಬಿಸಿದಳು. ಬುಧವಾರ ವಾಸನೆ ಕಡಿಮೆಯಾಗುವ ಬದಲು ಕೋಣೆಯ ತುಂಬ ಹರಡಿತ್ತು, ಮೂಗಿಲ್ಲದವರಿಗೂ ಬರುವಷ್ಟು. ಕುರಿಗಳಲ್ಲಿ ಹೀಗಾಗುತ್ತಿರಲಿಲ್ಲ. ಬೆಲ್ಲ ಹೋದ ಮೇಲೆ ಕುರಿ ಏಳುತ್ತಿತ್ತು, ಇಲ್ಲ ಸಾಯುತ್ತಿತ್ತು, ವಾಸನೆ ಹೆಚ್ಚುತ್ತಿರಲಿಲ್ಲ. ಕಾಟಮ್ಮನ ಮೂಗಿಗೆ ಇದು ಗೊತ್ತಾಯಿತು. ಬೆಲ್ಲ ಸಾಲುತ್ತಿಲ್ಲ ಎಂದು ಅವಳು ಅರ್ಥ ಮಾಡಿಕೊಂಡಳು. ಬುಧವಾರ ಇನ್ನೂ ಗಟ್ಟಿಯಾಗಿ ಕದಡಿದಳು.

ಗುರುವಾರ ಬೆಳಕು ಹರಿದಾಗ ಯಶೋದಾ ಮಲಗಿದ್ದಲ್ಲೇ ಮೈಲಿಗಟ್ಟಲೆ ಓಡಿ ಬಂದವಳ ಹಾಗೆ ಎದೆ ತುಂಬ ಉಸಿರೆಳೆಯುತ್ತಿದ್ದಳು. ಕರೆದರೆ ಕಣ್ಣು ಬಿಡುತ್ತಿದ್ದಳು, ಮಾತಾಡುತ್ತಿರಲಿಲ್ಲ. ನೇತ್ರಾವತಿ ಅತ್ತೆಯ ಅಪ್ಪಣೆಗೆ ಕಾಯದೆ ಆಶಾ ಕಾರ್ಯಕರ್ತೆ ಲತಾಳ ಮನೆಗೆ ಓಡಿದಳು. ಲತಾ ಬಂದವಳು ಒಂದು ಸಲ ನೋಡಿ ಆಂಬುಲೆನ್ಸ್‌ಗೆ ಫೋನ್ ಮಾಡಿದಳು. ಹೊಸದುರ್ಗದಲ್ಲಿ ಬೆರಳು ಚುಚ್ಚಿ ರಕ್ತ ಹಾಕಿದಾಗ ಯಂತ್ರದಲ್ಲಿ ಅಂಕಿಯೇ ಬರಲಿಲ್ಲ, ಅಳತೆ ಮೀರಿದೆ ಎಂಬ ಅಕ್ಷರ ಮೂಡಿತು. ಅಲ್ಲಿಯವರು ನೀರಿನ ಬಾಟಲಿ ಏರಿಸಿ, ಒಂದು ಸೂಜಿ ಕೊಟ್ಟು, ಅದೇ ಗಾಡಿಯಲ್ಲಿ ಜಿಲ್ಲಾಕೇಂದ್ರವಾದ ದುರ್ಗಕ್ಕೆ ಕಳಿಸಿದರು. ಹೊಳಲ್ಕೆರೆ ದಾಟುವಾಗ ದಯಾನಂದ ರಸ್ತೆ ಬದಿಯಲ್ಲಿ ಕಾದಿದ್ದು ಹತ್ತಿಕೊಂಡ.

ದುರ್ಗದ ದೊಡ್ಡ ಆಸ್ಪತ್ರೆಯಲ್ಲಿ ಮಗುವನ್ನು ಒಳಗೆ ಕರೆದುಕೊಂಡು ಹೋದ ಒಂದು ಗಂಟೆಗೆ ಚಿಕ್ಕ ವಯಸ್ಸಿನ ಡಾಕ್ಟರಮ್ಮ ಹೊರಗೆ ಬಂದಳು. ನೇತ್ರಾವತಿ ಮಗಳ ಮಂಚದ ಹತ್ತಿರ, ದಯಾನಂದ ಚೀಟಿ ಹಿಡಿದು ಔಷಧಿ ಅಂಗಡಿಗೆ. ಹೊರಗೆ ಸಿಕ್ಕವಳು ಕಾಟಮ್ಮ ಒಬ್ಬಳೇ.

"ಅಜ್ಜಿ, ಮಗುಗೆ ಮನೇಲಿ ಏನೇನು ಕೊಟ್ಟಿದ್ದೀರಿ? ಮುಚ್ಚಿಡಬೇಡಿ, ಬೈಯಲ್ಲ. ನನಗೆ ಗೊತ್ತಾಗಬೇಕು."

ಕಾಟಮ್ಮ ಮುಚ್ಚಿಡಲಿಲ್ಲ. ಸೋಮವಾರ ಆರು ಚೊಂಬು, ಮಂಗಳವಾರ ಏಳು, ಬುಧವಾರ ಲೆಕ್ಕವಿಲ್ಲ ಎಂದಳು. ಏಕೆ ಕೊಟ್ಟೆ ಎಂಬುದನ್ನೂ ಹೇಳಿದಳು, ವಾಸನೆ, ಕೊಬ್ಬು, ಹೊಗೆ, ಒಲೆ ಎಲ್ಲ. ಡಾಕ್ಟರಮ್ಮ ಬರೆಯುವುದನ್ನು ನಿಲ್ಲಿಸಿ ಅವಳ ಮುಖ ನೋಡಿದಳು.

"ನೀವು ಹೇಳಿದ್ದೆಲ್ಲ ಸರಿ ಅಜ್ಜಿ. ಮಗು ಕೊಬ್ಬನ್ನೇ ಸುಡ್ತಿದೆ. ವಾಸನೆ ಅದರದ್ದೇ. ಆದರೆ ಸಕ್ಕರೆ ಇಲ್ಲ ಅಂತಲ್ಲ. ರಕ್ತದ ತುಂಬ ಸಕ್ಕರೆ ಇದೆ, ಇರಬೇಕಾದ್ದಕ್ಕಿಂತ ಏಳೆಂಟು ಪಟ್ಟು. ಹೊಟ್ಟೆ ಹಿಂದೆ ಒಂದು ಗ್ರಂಥಿ ಇರುತ್ತೆ. ಅದರಿಂದ ಇನ್ಸುಲಿನ್ ಅನ್ನೋ ರಸ ಬಂದರೆ ಮಾತ್ರ ಆ ಸಕ್ಕರೆ ಮೈಯ ಕಣಗಳ ಒಳಗೆ ಹೋಗುತ್ತೆ. ಈ ಮಗುಗೆ ಆ ರಸವೇ ನಿಂತುಹೋಗಿದೆ. ತಿಂದಿದ್ದೆಲ್ಲ ರಕ್ತದಲ್ಲೇ ಉಳಿದು ಮೂತ್ರದಲ್ಲಿ ಹೋಗ್ತಿದೆ, ಮೈಯಲ್ಲಿರೋ ನೀರನ್ನೂ ಎಳಕೊಂಡು ಹೋಗ್ತಿದೆ. ಕಣಗಳು ಮಾತ್ರ ಉಪವಾಸ. ಸಕ್ಕರೆ ಕಾಯಿಲೆ ಇದು, ಮಕ್ಕಳಿಗೆ ಬರೋ ಥರದ್ದು."

ಸಕ್ಕರೆ ಕಾಯಿಲೆ ಎಂದರೆ ಹೊಸದುರ್ಗದ ಪೇಟೆಯ ಹೊಟ್ಟೆ ಬಂದ ಅಂಗಡಿಯವರ ಕಾಯಿಲೆ ಎಂದು ಕಾಟಮ್ಮ ತಿಳಿದಿದ್ದಳು. ಕುರಿ ಹಿಂದೆ ನಡೆಯುವ ಜನಕ್ಕೆ ಅದು ಬರುತ್ತದೆಂದೇ ಗೊತ್ತಿರಲಿಲ್ಲ. ಆದರೆ ಡಾಕ್ಟರಮ್ಮ ಹೇಳಿದ್ದು ಅವಳಿಗೆ ಒಂದೇ ಏಟಿಗೆ ಅರ್ಥವಾಯಿತು, ಆ ವರಾಂಡದಲ್ಲಿದ್ದ ಓದಿದವರಿಗಿಂತ ಚೆನ್ನಾಗಿ ಅರ್ಥವಾಯಿತು. ಅರ್ಥವಾಗದಿದ್ದರೇ ಒಳ್ಳೆಯದಿತ್ತು.

"ಅಂದ್ರೆ ಮೇವು ರೊಪ್ಪದ ಹೊರಗೆ ರಾಶಿ ಬಿದ್ದೈತೆ. ಬಾಗ್ಲು ತೆಗೆಯೋರಿಲ್ಲ. ಒಳಗಿರೋ ಕುರಿ ಹಸಿದು ಒಂದರ ಉಣ್ಣೆ ಒಂದು ತಿಂತಾ ಅವೆ."

"ಹೌದು ಅಜ್ಜಿ. ಹಾಗೇ."

"ನಾನು ಬಾಗ್ಲು ತೆಗಿಲಿಲ್ಲ. ಹೊರಗಿನ ರಾಶಿ ಮೇಲೆ ಇನ್ನೂ ಸುರಿದೆ."

ಡಾಕ್ಟರಮ್ಮ ಮತ್ತೆ ಬರೆಯಲು ಪೆನ್ನು ಹಿಡಿದಳು. "ವಾಸನೆ ಮೊದಲು ಗೊತ್ತಾಗಿದ್ದು ಯಾವತ್ತು?" ಎಂದು ಕೇಳಿದಳು.

"ಸೋಮವಾರ ಬೆಳಿಗ್ಗೆ."

"ಎಷ್ಟೋ ಕಡೆ ನಮಗೇ ಇದು ಬೇಗ ಗೊತ್ತಾಗಲ್ಲ" ಎಂದು ಡಾಕ್ಟರಮ್ಮ ತನಗೆ ತಾನೇ ಹೇಳಿಕೊಂಡಂತೆ ಹೇಳಿ, ಬಾಗಿಲು ತಳ್ಳಿಕೊಂಡು ಒಳಗೆ ಹೋದಳು.

ಯಶೋದಾ ಶನಿವಾರ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಹೋದಳು. ರಕ್ತದ ಸಕ್ಕರೆ ಇಳಿಯುತ್ತ ಬಂದಿತ್ತು, ಆದರೆ ಮಿದುಳು ಊದಿಕೊಂಡಿತ್ತು. ಇಂಥ ಮಕ್ಕಳಲ್ಲಿ ಕೆಲವರಿಗೆ ಹೀಗಾಗುತ್ತದೆ, ಹಾಗಾದಾಗ ಉಳಿಸಿಕೊಳ್ಳುವುದು ಕಷ್ಟ ಎಂದರು. ನೇತ್ರಾವತಿ ಗೋಡೆಗೆ ಹಣೆ ಒತ್ತಿ ನಿಂತಳು. ದಯಾನಂದ ಗಾಡಿ ಹುಡುಕಲು ಹೋದಾಗ ಡಾಕ್ಟರಮ್ಮ ಕಾಟಮ್ಮನನ್ನು ಪಕ್ಕಕ್ಕೆ ಕರೆದು ಕೂರಿಸಿದಳು.

"ಅಜ್ಜಿ, ಒಂದು ಮಾತು ಕೇಳಿ. ಬೆಲ್ಲದಿಂದಲೇ ಹೋಯ್ತು ಅಂತ ನಾನು ಹೇಳಲ್ಲ, ಯಾರೂ ಹೇಳೋಕಾಗಲ್ಲ. ರೋಗ ತಿಂಗಳಿಂದ ಒಳಗೇ ಬೆಳೆದಿತ್ತು. ತಡವಾಗಿದ್ದು ನಿಜ. ಆದರೆ ಬೆಲ್ಲ ಮುಟ್ಟದಿದ್ದರೂ ಹೀಗೇ ಆಗಬಹುದಿತ್ತು. ಇದನ್ನ ನೆನಪಿಟ್ಕೊಳ್ಳಿ."

ಕಾಟಮ್ಮ ತಲೆಯಾಡಿಸಿದಳು. ಈ ಮಾತನ್ನು ಅವಳು ಯಾರಿಗೂ ಹೇಳಲಿಲ್ಲ, ಗುರುವಾರ ವರಾಂಡದಲ್ಲಿ ಆಡಿದ ಮಾತನ್ನೂ ಹೇಳಲಿಲ್ಲ. ಮಗುವಿಗೆ ಸಕ್ಕರೆ ಕಾಯಿಲೆ ಇತ್ತಂತೆ ಎಂದಷ್ಟೇ ಹಟ್ಟಿಗೆ ಗೊತ್ತಾಯಿತು. ಭಾನುವಾರ ಮಣ್ಣು ಮಾಡಿದರು.

ಅವತ್ತಿನಿಂದ ನೇತ್ರಾವತಿ ಊಟ ಬಿಟ್ಟಳು. ಮೊದಲ ದಿನ ಯಾರೂ ಗಮನಿಸಲಿಲ್ಲ, ಸಾವಿನ ಮನೆಯಲ್ಲಿ ಉಣ್ಣದವರು ಅವಳೊಬ್ಬಳೇ ಅಲ್ಲ. ಮೂರನೆಯ ದಿನ ದಯಾನಂದ ಬೈದ, ಐದನೆಯ ದಿನ ಕಾಲು ಹಿಡಿದ. ನೀರು ಗುಟುಕರಿಸುತ್ತಿದ್ದಳು, ಅಷ್ಟೇ. ಯಾರ ಹತ್ತಿರವೂ ಮಾತಿಲ್ಲ. ಕಾಟಮ್ಮನ ಹೆಗಲು ಮಾತ್ರ ಬೇಕಿತ್ತು ಅವಳಿಗೆ. ಹಗಲೆಲ್ಲ ಅತ್ತೆಗೆ ಒರಗಿ ಕೂತಿರುತ್ತಿದ್ದಳು, ಮದುವೆಯಾಗಿ ಬಂದ ಹೊಸದರಲ್ಲಿ ತವರು ನೆನೆದು ಹೀಗೇ ಕೂರುತ್ತಿದ್ದಳು. ಅಲ್ಲಿಂದೀಚೆಗಿನ ಹದಿನಾಲ್ಕು ವರ್ಷಗಳಲ್ಲಿ ಇಬ್ಬರ ನಡುವೆ ಒಂದು ಜೋರು ಮಾತು ಬಂದದ್ದಿಲ್ಲ. ಹಟ್ಟಿಯಲ್ಲಿ ಬೇರೆ ಅತ್ತೆ ಸೊಸೆಯರಿಗೆ ಇವರನ್ನು ತೋರಿಸಿ ಬೈಯುತ್ತಿದ್ದರು.

ಆರನೆಯ ದಿನ ಮಧ್ಯಾಹ್ನ ನೇತ್ರಾವತಿ ಎದ್ದು ನಿಲ್ಲಲು ಹೋಗಿ ಕಾಟಮ್ಮನ ಮೇಲೆ ಕುಸಿದಳು. ಅವಳ ಬಾಯಿ ಕಾಟಮ್ಮನ ಮುಖದ ಹತ್ತಿರ ಬಂತು. ಸೀತಾಫಲ.

ಕಾಟಮ್ಮನ ಕೈ ತನ್ನಷ್ಟಕ್ಕೆ ಬೆಲ್ಲದ ಡಬ್ಬಿಯ ಕಡೆ ಹೋಯಿತು, ಅರ್ಧದಲ್ಲೇ ನಿಂತಿತು. ಆ ಕೈಯನ್ನು ನೋಡಿ ಅವಳಿಗೇ ಭಯವಾಯಿತು. ಲತಾಳನ್ನು ಕರೆಸಿದಳು. "ಬೆರಳು ಚುಚ್ಚಿ ನೋಡವ್ವ ಮೊದ್ಲು. ನೋಡದೆ ಏನೂ ಕೊಡಬೇಡ" ಎಂದಳು. ಲತಾಳ ಕೈಯ ಯಂತ್ರದಲ್ಲಿ ಅರವತ್ತೆರಡು ಬಂತು.

"ಸಕ್ಕರೆ ಕಾಯಿಲೆ ಅಲ್ಲ ಅಜ್ಜಿ, ಬರೀ ಹೊಟ್ಟೆಗಿಲ್ದೆ ಇಳಿದೈತೆ. ಉಪವಾಸ ಕುಂತ್ರೆ ಮೈ ಕೊಬ್ಬು ಕರಗಿ ಇದೇ ವಾಸ್ನೆ ಬರ್ತೈತೆ. ಒಂದಿಷ್ಟು ಗಂಜಿ, ಬೆಲ್ಲದ ನೀರು ಏನಾದ್ರೂ ಸೇರ್ಲಿ. ಸೇರ್ಲಿಲ್ಲಂದ್ರೆ ಸಾಯಂಕಾಲ ಹೊಸದುರ್ಗಕ್ಕೆ ಹೊರಡಾಣ." ಹೀಗೆಂದು ಲತಾ ಗಂಜಿ ಕಾಯಿಸಲು ಪಕ್ಕದ ಮನೆಗೆ ಹೋದಳು.

ಹಾಗಾದರೆ ಇದು ಕಾಟಮ್ಮನಿಗೆ ಗೊತ್ತಿದ್ದ ರೋಗವೇ, ಮದ್ದೂ ಮನೆಯಲ್ಲೇ ಇತ್ತು. ನೇತ್ರಾವತಿ ಮಾತ್ರ ಹಲ್ಲು ಕಚ್ಚಿದ್ದಳು. ಕಾಟಮ್ಮ ಹಿಡಿದ ಬೆಲ್ಲದ ನೀರಿನ ಚೊಂಬು ತುಟಿಗೆ ತಾಗಿದಾಗ ಮುಖ ತಿರುಗಿಸಿ, ಆರು ದಿನಗಳಲ್ಲಿ ಮೊದಲ ಸಲ ಬಾಯಿ ಬಿಟ್ಟಳು.

"ನನಗ್ಯಾಕೆ ಅತ್ತೆ. ನಾನು ಮಗಳನ್ನ ತಿಂದ್ಕಂಡೋಳು."

"ಏನಂತ ಮಾತಾಡ್ತೀಯ ಹುಡುಗಿ."

"ಸಂಕ್ರಾಂತಿ ಆದ್ಮೇಲೆ ಅವಳು ದೊಡ್ಡೋಳಾದ್ಲು ಅತ್ತೆ. ನಾನು ಯಾರಿಗೂ ಹೇಳಲಿಲ್ಲ, ನಿಮಗೂ ಹೇಳಲಿಲ್ಲ. ಬೇಲಿಯಾಚೆ ಗುಡ್ಲಾಗೆ ಕೂರಿಸಬೇಕಿತ್ತು. ಚಳಿ ಇತ್ತು, ಮಗು ಇನ್ನೂ ಎಳೇದು, ಮನಸ್ಸು ಬರಲಿಲ್ಲ. ಮನೆಯಾಗೇ ಇಟ್ಕಂಡೆ. ಅದೇ ಮೈಲಿಗೇಲಿ ದೇವರ ಕೋಣೆ ಮುಂದೆ ಓಡಾಡಿದ್ಲು. ಅವತ್ತಿಂದ್ಲೇ ಇಳೀತಾ ಬಂದ್ಲು. ನಾನೇ ಕೊಂದೆ. ನಾನು ಹೆಂಗೆ ಉಣ್ಲಿ?"

ಈ ಹಟ್ಟಿಯಲ್ಲಿ ಇವತ್ತಿಗೂ ಹೆಣ್ಣುಮಕ್ಕಳು ಮೈನೆರೆದಾಗ, ತಿಂಗಳ ದಿನಗಳಲ್ಲಿ ಮುಳ್ಳುಬೇಲಿಯ ಹೊರಗಿನ ಗುಡಿಸಲಿನಲ್ಲಿ ಇರಬೇಕು. ಕಾಟಮ್ಮ ಕೂಡ ಇದ್ದವಳು, ಮಳೆಯಲ್ಲಿ, ಚಳಿಯಲ್ಲಿ, ಒಂದು ಸಲ ಹಾವಿನ ಜೊತೆ. ಸೊಸೆ ಮಾಡಿದ್ದು ತಪ್ಪೆಂದು ಅವಳಿಗೆ ಒಂದು ಕ್ಷಣವೂ ಅನ್ನಿಸಲಿಲ್ಲ. ಚಳಿಯಲ್ಲಿ ಮಗುವನ್ನು ಒಳಗಿಟ್ಟುಕೊಂಡದ್ದಕ್ಕೆ ಯಾವ ದೇವರು ಸಿಟ್ಟಾಗುತ್ತಾನೆ? ಆದರೆ ದೇವರು ಸಿಟ್ಟಾಗಿಲ್ಲ ಎಂದು ಹೇಳಿದರೆ ಇವಳು ನಂಬುವುದಿಲ್ಲ. ಕಾಯಿಲೆಯಿಂದ ಹೋದಳು ಎಂದರೆ ಆ ಕಾಯಿಲೆ ಬಂದದ್ದು ಮೈಲಿಗೆಯಿಂದ ಎನ್ನುತ್ತಾಳೆ. ತಪ್ಪು ಯಾರದ್ದೂ ಅಲ್ಲ ಎಂಬ ಮಾತು ಮಗು ಕಳೆದುಕೊಂಡವಳ ತಲೆಯಲ್ಲಿ ನಿಲ್ಲುವುದಿಲ್ಲ. ತಪ್ಪಿಗೆ ಒಂದು ತಲೆ ಬೇಕು. ನೇತ್ರಾವತಿಯ ತಲೆಯಿಂದ ಅದನ್ನು ಇಳಿಸಬೇಕಾದರೆ ಇನ್ನೊಂದು ತಲೆ ಒಡ್ಡಬೇಕು. ಕಾಟಮ್ಮನಿಗೆ ಹುಡುಕಲು ದೂರ ಹೋಗಬೇಕಾಗಿರಲಿಲ್ಲ. ಆದರೂ ಹೆಗಲ ಮೇಲಿನ ಆ ತಲೆಯ ಭಾರ ಇನ್ನೊಂದು ಗಳಿಗೆ ಇರಲಿ ಎನ್ನಿಸಿತು. ಒಂದು ಗಳಿಗೆ ಹಾಗೇ ಕೂತಳು.

"ನೇತ್ರ, ನೀನು ಕೊಂದಿಲ್ಲ" ಎಂದಳು. "ನಾನು ಕೊಂದೆ."

"ಸುಮ್ನಿರ್ರಿ ಅತ್ತೆ."

"ಕೇಳಿಲ್ಲಿ. ಅವಳ ಮೈಯಾಗೆ ಸಕ್ಕರೆ ತುಂಬಿ ತುಳುಕ್ತಿತ್ತು. ಅದು ಒಳಗೆ ಹೋಗ್ತಿರಲಿಲ್ಲ, ರಕ್ತದಾಗೇ ನಿಂತು ವಿಷ ಆಗಿತ್ತು. ಅಂಥ ಮಗುಗೆ ನಾನು ಮೂರು ದಿನ ಬೆಲ್ಲ ಕುಡಿಸಿದೆ. ಚೊಂಬುಗಟ್ಲೆ. ನೀನು ಸೋಮವಾರನೇ ಹೋಗಾಣ ಅಂದೆ. ಅವತ್ತು ಹೋಗಿದ್ರೆ ಒಂದು ಸೂಜಿಗೆ ಉಳೀತಿದ್ಲು. ನಾನು ತಡೆದೆ. ದುರ್ಗದ ಡಾಕ್ಟ್ರಮ್ಮ ನನ್ನ ಕೂರಿಸ್ಕಂಡು ಹೇಳಿದ್ಲು, ಬೆಲ್ಲದಿಂದ್ಲೇ ಹೋಯ್ತು ಅಂತ. ಬೇರೆ ಯಾವುದರಿಂದ್ಲೂ ಅಲ್ಲ ಅಂತ."

ಕೊನೆಯ ಎರಡು ಮಾತು ಸುಳ್ಳು.

ನೇತ್ರಾವತಿ ಅತ್ತೆಯ ಹೆಗಲಿನಿಂದ ಮೈ ತೆಗೆದು, ಕೈಯೂರಿಕೊಂಡು ಗೋಡೆಗೆ ಒರಗಿದಳು.

"ನಿಮಗೆ ಅಲ್ಲೇ ಗೊತ್ತಿತ್ತಾ? ಆಸ್ಪತ್ರೇಲೇ?"

"ಗೊತ್ತಿತ್ತು."

"ಆರು ದಿನ ನನ್ನ ಮಡಿಲಾಗೆ ಹಾಕ್ಕಂಡು ಕುಂತಿದ್ರಿ."

ನೇತ್ರಾವತಿ ಕೂಗಲಿಲ್ಲ, ಹೊಡೆಯಲಿಲ್ಲ. ಹೊಡೆದಿದ್ದರೆ ಕಾಟಮ್ಮನಿಗೆ ಎಷ್ಟೋ ಹಗುರವಾಗುತ್ತಿತ್ತು. ಅಷ್ಟರಲ್ಲಿ ಲತಾ ಗಂಜಿಯ ಬಟ್ಟಲು ಹಿಡಿದು ಒಳಗೆ ಬಂದಳು. ನೇತ್ರಾವತಿ ಕೈ ಚಾಚಿ ಬಟ್ಟಲು ತೆಗೆದುಕೊಂಡಳು. ಅತ್ತೆಯ ಮುಖದಿಂದ ಕಣ್ಣು ತೆಗೆಯದೆ, ಸುಡುತ್ತಿದ್ದರೂ ಆರಿಸದೆ, ಕೊನೆಯ ಗುಟುಕಿನವರೆಗೆ ಕುಡಿದಳು. ಹೊಟ್ಟೆಯಲ್ಲಿ ನಿಂತಿತು. ಸಂಜೆ ಇನ್ನೊಂದು ಬಟ್ಟಲು ಕುಡಿದಳು. ಮರುದಿನ ಬೆಳಿಗ್ಗೆ ಅವಳು ಹಾದು ಹೋಗುವಾಗ ಕಾಟಮ್ಮ ಉಸಿರೆಳೆದು ನೋಡಿದಳು, ವಾಸನೆ ಹೋಗಿತ್ತು.

ಆ ವಾರವೇ ನೇತ್ರಾವತಿ ಹಿತ್ತಲಲ್ಲಿ ಬೇರೆ ಒಲೆ ಹೂಡಿದಳು. ದಯಾನಂದನಿಗೆ ಎಲ್ಲ ಹೇಳಿದಳೋ ಎಷ್ಟು ಹೇಳಿದಳೋ, ಅವನು ತಾಯಿಯ ಎದುರು ಬಂದರೆ ನೆಲ ನೋಡಿಕೊಂಡು ಹೋಗುತ್ತಾನೆ. ಕಾಟಮ್ಮ ಒಬ್ಬಳೇ ಬೇಯಿಸಿಕೊಳ್ಳುತ್ತಾಳೆ, ಒಬ್ಬಳೇ ಉಣ್ಣುತ್ತಾಳೆ. ಹಟ್ಟಿಗಳಿಂದ ಫೋನ್ ಬಂದರೆ ಈಗಲೂ ಹೋಗುತ್ತಾಳೆ. ಕುರಿಯ ಬಾಯಿ ಮೂಸಿ ಕಂಡದ್ದನ್ನು ಹೇಳುತ್ತಾಳೆ, ಆದರೆ ಗಿರೀಶ್ ಬರುವವರೆಗೆ ಏನನ್ನೂ ಕೊಡಲು ಬಿಡುವುದಿಲ್ಲ.

ಮುಂಗಾರಿಗೆ ಮೊದಲು ಗಿರೀಶ್ ಕುರಿಗಳಿಗೆ ಲಸಿಕೆ ಹಾಕಲು ಹಟ್ಟಿಗೆ ಬಂದ. ಕಾಟಮ್ಮ ಒಂದೊಂದೇ ಕುರಿ ಹಿಡಿದು ಕೊಡುತ್ತಿದ್ದಳು. ಒಂದೇ ಮನೆಯಲ್ಲಿ ಎರಡು ಕಡೆ ಹೊಗೆ ಏಳುತ್ತಿರುವುದನ್ನು ಅವನು ಕಂಡು ಕೇಳಿದ. ಅವಳಿಗೂ ಯಾರಿಗಾದರೂ ಹೇಳಬೇಕಿತ್ತೇನೋ, ಡಾಕ್ಟರಮ್ಮ ಹೇಳಿದ ಎರಡೂ ಮಾತುಗಳನ್ನು, ತಾನು ಸೊಸೆಗೆ ಹೇಳಿದ್ದನ್ನು, ಅದರಲ್ಲಿ ಬಿಟ್ಟದ್ದನ್ನು, ಸೇರಿಸಿದ್ದನ್ನು ಎಲ್ಲ ಹೇಳಿದಳು. ಗಿರೀಶನ ಕೈಯಲ್ಲಿ ಸೂಜಿ ಹಾಗೇ ಉಳಿಯಿತು. ಒಲೆಯ ಪಾಠ ಮಾಡಿದವನು ಅವನೇ ಅಲ್ಲವೇ.

"ಕಾಟಮ್ಮ, ಈಗಲಾದ್ರೂ ಹೋಗಿ ಪೂರ್ತಿ ನಿಜ ಹೇಳು. ಡಾಕ್ಟ್ರು ಹಂಗೆ ಹೇಳಿರಲಿಲ್ಲ ಅನ್ನು. ನೀನೊಬ್ಳೇ ಯಾಕೆ ಹೊರ್ತೀಯ? ಈಗ ಆಕೆ ಗಟ್ಟಿ ಆಗವಳೆ, ಕೇಳಿಸ್ಕಂತಾಳೆ."

ಕಾಟಮ್ಮ ಮುಂದಿನ ಕುರಿಯ ಕಾಲು ಹಿಡಿದೆಳೆದು ಅವನ ಮುಂದೆ ನಿಲ್ಲಿಸಿದಳು. ಹಿತ್ತಲಲ್ಲಿ ನೇತ್ರಾವತಿ ಮುದ್ದೆ ಕಟ್ಟುತ್ತಿದ್ದಳು.

"ಹೇಳಿದ್ರೆ ಅದು ಮತ್ತೆ ಅವಳ ತಲೆ ಮೇಲೇ ಹೋಗಿ ಕುಂತ್ಕಂತೈತೆ ಸಾರ್. ನನ್ನ ಮೇಲಿನ ಸಿಟ್ಟಿಗೆ ಎರಡು ಹೊತ್ತು ಉಣ್ತಾ ಅವಳೆ. ಉಣ್ಲಿ ಬಿಡ್ರಿ. ಹಿಡ್ಕಂಡಿದೀನಿ, ಸೂಜಿ ಹಾಕ್ರಿ."